ಸ್ವೀಟಿಯ ಕಿವಿ

ಮೊನ್ನೆ ಮಳೆ ನಿಂತ ಮೇಲೆ ಮಲ್ಲತ್ತಹಳ್ಳಿಯ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿಗೆ ಕಾಲಿಟ್ಟರೆ ಒದ್ದೆ ನಾಯಿಯ ವಾಸನೆ. ನಾಯಿ ಇರಲಿಲ್ಲ. ಯಾರೋ ಆಗಷ್ಟೇ ವಾಕಿಂಗ್ ಮುಗಿಸಿ ಕರೆದುಕೊಂಡು ಹೋಗಿರಬೇಕು, ನೆಲದ ಮೇಲೆ ಸಣ್ಣ ಸಣ್ಣ ಕೆಸರು ಹೆಜ್ಜೆಗಳಿದ್ದವು. ಜೊತೆಗಿದ್ದವರು ಮೂಗು ಮುಚ್ಚಿಕೊಂಡರು. ನಾನು ನನ್ನ ಮಹಡಿ ಬಂದರೂ ಇಳಿಯಲಿಲ್ಲ. ಒದ್ದೆ ಗೋಣಿಚೀಲ, ಹಳೇ ಕಂಬಳಿ, ಹುಳಿ ಬಂದ ಮೊಸರು ಎಲ್ಲ ಸೇರಿದ ಹಾಗಿದ್ದ ಆ ವಾಸನೆ ಬಸವೇಶ್ವರನಗರದ ನಮ್ಮ ಹಳೇ ಮನೆಯ ಹಾಲ್‌ನದು. ಅಲ್ಲಿ ಒಂದು ಮಳೆಗಾಲ ಪೂರ್ತಿ ನಾನು ಓದುವುದು ಬಿಟ್ಟು ಅಮ್ಮನನ್ನು ನೋಡುತ್ತಾ ಕೂತಿದ್ದೆ.

ಯಾವ ವರ್ಷ ಎಂದು ಖಚಿತವಾಗಿ ಹೇಳಲಾರೆ. ಎರಡು ಸಾವಿರದ ಐದಿರಬೇಕು, ಆರೂ ಇರಬಹುದು. ಆಗಲೂ ಡೈರಿ ಬರೆಯುತ್ತಿದ್ದೆ. ಈಗ ತೆಗೆದು ನೋಡಿದರೆ ಅದರಲ್ಲಿ ಬರೀ ಓದಿದ ಪಾಠ, ಓದದ ಪಾಠಗಳ ಗೋಳು. ಅಮ್ಮನ ಬಗ್ಗೆ ಒಂದು ಸಾಲೂ ಇಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿದವಳು ನಾನು. ದಾಖಲೆಯಲ್ಲಿ ಇಲ್ಲದ್ದನ್ನು ನಂಬುವ ಮೊದಲು ಹಿಂದೆಮುಂದೆ ನೋಡಬೇಕೆಂದು ಕಲಿತವಳು. ಅಕ್ಕನಿಗೆ ಫೋನ್ ಮಾಡಿ ನಮ್ಮ ನಾಯಿ ಸ್ವೀಟಿಯ ಬಗ್ಗೆ ಕೇಳಿದೆ. "ಸ್ವೀಟಿಗೆ ಎರಡೂ ಕಿವಿ ನೆಟ್ಟಗೇ ಇತ್ತು ಕಣೇ, ನೀನು ಏನೇನೋ ಸೇರಿಸ್ಕೋತೀಯ" ಎಂದಳು. ನನ್ನ ನೆನಪಿನಲ್ಲಿ ಸ್ವೀಟಿಯ ಬಲಗಿವಿ ನೆಟ್ಟಗಿತ್ತು, ಎಡಗಿವಿ ಅರ್ಧಕ್ಕೆ ಮಡಚಿಕೊಂಡಿತ್ತು. ಅಕ್ಕ ಆಗಲೇ ಮದುವೆಯಾಗಿ ಮೈಸೂರಿನಲ್ಲಿದ್ದಳು. ಮನೆಯಲ್ಲಿದ್ದವಳು ನಾನು. ಆದ್ದರಿಂದ ಎಡಗಿವಿಯನ್ನು ಮಡಚಿಯೇ ಇಡುತ್ತೇನೆ. ಈ ಕಥೆಗೆ ಆ ಕಿವಿಗಳು ಬೇಕು.

ಸ್ವೀಟಿ ಬಿಳಿ ಪಮೇರಿಯನ್. ಪೂರ್ತಿ ಪಮೇರಿಯನ್ ಅಲ್ಲ, ಅಪ್ಪನ ಮಾತಿನಲ್ಲಿ ಹೇಳುವುದಾದರೆ "ತಾಯಿ ಕಡೆಯಿಂದ ಮಾತ್ರ." ತಾಯಿ ಇದ್ದದ್ದು ಎರಡು ಕ್ರಾಸ್ ಆಚೆ, ಗಿರಿಜಾಂಟಿಯ ಮನೆಯಲ್ಲಿ. ಗಿರಿಜಾಂಟಿ ರಾಣೆಬೆನ್ನೂರಿನ ಕಡೆಯವರು. ಮದುವೆಯಾಗಿ ಬೆಂಗಳೂರಿಗೆ ಬಂದಾಗ ಅವರಿಗೆ ಸಿಕ್ಕ ಮೊದಲ ಗೆಳತಿ ನನ್ನಮ್ಮ. ಇಬ್ಬರ ಬಾಣಂತನ, ಚೀಟಿ, ಸ್ವೆಟರ್ ಹೆಣಿಗೆ, ಹಪ್ಪಳ ಎಲ್ಲ ಒಟ್ಟಿಗೇ ಆಗಿದ್ದವು. ಮಧ್ಯಾಹ್ನ ಊಟದ ಹೊತ್ತಿಗೆ ಗಿರಿಜಾಂಟಿ ಬಂದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಎದ್ದು ಹೋಗುತ್ತಿದ್ದರು. ಗೇಟಿನ ಹತ್ತಿರ ನಿಂತು ಇನ್ನೊಂದು ಗಂಟೆ ಮಾತು.

ಆ ಮಳೆಗಾಲದಲ್ಲಿ ನಾನು ಉಪನ್ಯಾಸಕರ ಪರೀಕ್ಷೆಗೆ ಓದುತ್ತಾ ಮನೆಯಲ್ಲೇ ಇದ್ದೆ. ನನ್ನ ಮೇಜು ಇದ್ದ ಕೋಣೆಯಿಂದ ಹಾಲ್ ಕಾಣುತ್ತಿತ್ತು. ನಮ್ಮ ಕ್ರಾಸಿನಲ್ಲಿ ಪೈಪ್ ಹಾಕಲೆಂದು ರಸ್ತೆ ಅಗೆದಿದ್ದರು. ಅದರಿಂದ ಕಾವೇರಿ ನೀರು ಬರುವ ಹೊತ್ತು ಕೆಟ್ಟಿತ್ತು. ಬೆಳಿಗ್ಗೆ ಬರುತ್ತಿದ್ದದ್ದು ಹನ್ನೊಂದಕ್ಕೆ, ಮೂರಕ್ಕೆ, ಯಾವಾಗಲೋ ಬರುತ್ತಿತ್ತು. ಬಂದ ಕೂಡಲೇ ನೆಲದಡಿಯ ನೀರಿನ ಸಂಪಿಗೆ ಬಿಡುವ ಹಾಗಿಲ್ಲ. ಮೊದಲು ಬರುವ ಕೆಂಪು ನೀರನ್ನು ಮೋರಿಗೆ ಹರಿಸಿ ಆಮೇಲೆ ಸಂಪಿನ ನಲ್ಲಿ ತಿರುಗಿಸಬೇಕು. ತಡವಾದರೆ ನೀರು ನಿಂತೇ ಹೋಗುತ್ತಿತ್ತು. ಹಾಗಾಗಿ ನೀರು ಬಂದದ್ದು ಮೊದಲು ಯಾರಿಗೆ ಗೊತ್ತಾಗುತ್ತದೆ ಎನ್ನುವುದು ಇಡೀ ಕ್ರಾಸಿಗೆ ಮುಖ್ಯವಾಗಿತ್ತು. ಗೊತ್ತಾಗುತ್ತಿದ್ದದ್ದು ನನ್ನಮ್ಮನಿಗೆ. ಖಾಲಿ ಪೈಪಿನಲ್ಲಿ ಗಾಳಿ ಬುಸುಗುಡುವ ಸಣ್ಣ ಸದ್ದಿಗೇ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಗೇಟಿಗೆ ಹೋಗಿ "ನೀರು ಬಂತೂ" ಎಂದು ಕೂಗುತ್ತಿದ್ದಳು. ಎದುರು ಮನೆ, ಪಕ್ಕದ ಮನೆ, ಮೂಲೆಯ ಟೈಲರ್ ಅಂಗಡಿಯವರು ಎಲ್ಲ ಎದ್ದು ನಲ್ಲಿಗೆ ಓಡುತ್ತಿದ್ದರು. "ಶಾಂತಮ್ಮನ ಕಿವಿ ಅಂದ್ರೆ ಕಿವಿ ಸಾರ್" ಎಂದು ಟೈಲರ್ ಅಪ್ಪನ ಮುಂದೆ ಹೊಗಳಿದ್ದು ನನಗೆ ಚೆನ್ನಾಗಿ ನೆನಪಿದೆ. ಅಮ್ಮನ ಮುಖ ಆಗ ಹೇಗಿತ್ತು ಎನ್ನುವುದು ನೆನಪಿಲ್ಲ. ನೋಡಬೇಕಾಗಿತ್ತು.

ಓದುವುದನ್ನು ತಪ್ಪಿಸಿಕೊಳ್ಳಲು ಮನಸ್ಸು ಏನು ಸಿಕ್ಕಿದರೂ ಹಿಡಿದುಕೊಳ್ಳುತ್ತದೆ. ನಾನು ಅಮ್ಮನನ್ನು ಹಿಡಿದುಕೊಂಡೆ. ಮೊದಲು ಗಮನಕ್ಕೆ ಬಂದದ್ದು ಒಂದು ಚಿಕ್ಕ ವಿಷಯ. ಬಾಗಿಲ ಬೆಲ್ ಆದಾಗ ಅಮ್ಮ ಬಾಗಿಲ ಕಡೆ ನೋಡುತ್ತಿರಲಿಲ್ಲ, ಸ್ವೀಟಿಯ ಕಡೆ ನೋಡುತ್ತಿದ್ದಳು. ಆಮೇಲೆ ಬಾಗಿಲಿಗೆ ಹೋಗುತ್ತಿದ್ದಳು. ಅವಳು ಎಲ್ಲಿ ಕೂತರೂ ಸ್ವೀಟಿ ಎದುರಿಗೇ ಮಲಗಿರುತ್ತಿತ್ತು. ಅಲ್ಲ, ಸ್ವೀಟಿ ಎಲ್ಲಿ ಮಲಗಿದರೂ ಅಮ್ಮ ಅದರ ಎದುರಿಗೆ ಹೋಗಿ ಕೂರುತ್ತಿದ್ದಳು. ಅಡುಗೆ ಮಾಡುವಾಗ ಹೊಸ್ತಿಲಲ್ಲಿ ಗೋಣಿಚೀಲ ಹಾಸಿ ಅದನ್ನು ಕರೆದು ಮಲಗಿಸುತ್ತಿದ್ದಳು. ಕುಕ್ಕರ್ ಕೂಗಿದರೆ ಸ್ವೀಟಿಯ ನೆಟ್ಟಗಿನ ಕಿವಿ ಹಿಂದಕ್ಕೆ ಹೋಗುತ್ತಿತ್ತು. ಫೋನ್ ಬಂದರೆ ತಲೆ ಎತ್ತುತ್ತಿತ್ತು. ಪೈಪಿನಲ್ಲಿ ಗಾಳಿ ಬಂದರೆ ಮಾತ್ರ ಮಡಚಿದ ಕಿವಿಯೂ ಎದ್ದು ನಿಲ್ಲುತ್ತಿತ್ತು. ಆ ಸದ್ದು ಅದಕ್ಕೆ ಹಾವಿನ ಹಾಗೆ ಕೇಳುತ್ತಿತ್ತೋ ಏನೋ. ಎರಡೂ ಕಿವಿ ಎದ್ದರೆ ಅಮ್ಮ ಗೇಟಿಗೆ ಓಡುತ್ತಿದ್ದಳು.

ನನಗೆ ನಂಬಿಕೆ ಬರಲಿಲ್ಲ. ಒಂದು ದಿನ ಸ್ವೀಟಿಯನ್ನು ಎತ್ತಿಕೊಂಡು ಹೋಗಿ ಟೆರೇಸಿನಲ್ಲಿ ಬಿಟ್ಟು ಬಂದೆ. ಅಮ್ಮ ಕಿಟಕಿಯ ಕಡೆ ಮುಖ ಮಾಡಿ ಅವರೆಕಾಳು ಹಿಸುಕುತ್ತಿದ್ದಳು. ಹಿಂದೆ ನಿಂತು "ಅಮ್ಮಾ" ಎಂದೆ. ಇನ್ನೂ ಜೋರಾಗಿ ಕರೆದೆ. ಸ್ಟೀಲ್ ತಟ್ಟೆಯನ್ನು ನೆಲಕ್ಕೆ ಬಿಟ್ಟೆ. ತಟ್ಟೆ ಗಿರಕಿ ಹೊಡೆದು ಸುಮ್ಮನಾಯಿತು. ಅಮ್ಮ ಒಂದು ಕಾಳು ಹಿಸುಕಿ ಬಟ್ಟಲಿಗೆ ಹಾಕಿ ಇನ್ನೊಂದನ್ನು ತೆಗೆದುಕೊಂಡಳು.

ಇಷ್ಟು ಹೇಳಿದಾಗ ಅಕ್ಕ ನನ್ನನ್ನು ಹಿಡಿದುಹಾಕಿದಳು. "ಅವರೆಕಾಳು ಮಳೆಗಾಲದಲ್ಲಿ ಎಲ್ಲಿ ಸಿಗತ್ತೆ? ಅದು ಚಳಿಗಾಲದ್ದು." ಹೌದು. ಹಾಗಾದರೆ ಅದು ಬೇರೆ ಏನೋ ಇರಬೇಕು. ಅಕ್ಕಿಯಿರಬಹುದು, ಹುರುಳೀಕಾಯಿಯಿರಬಹುದು. ತಟ್ಟೆಯ ಸದ್ದು ಮಾತ್ರ ನಿಜ. ಅದು ಈಗಲೂ ಕಿವಿಯಲ್ಲಿದೆ.

ಇದು ಯಾರಿಗೂ ಗೊತ್ತಾಗದೆ ಹೋಗಲು ಅಪ್ಪ ಕಾರಣ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಅಪ್ಪ ಜೀವಮಾನವೆಲ್ಲ ಲೇತ್ ಮಷಿನ್‌ಗಳ ನಡುವೆ ಕೆಲಸ ಮಾಡಿದವರು. ಉಪ್ಪು ಕೇಳಿದರೂ ಜಗಳಕ್ಕೆ ಬಂದ ಹಾಗೆ ಕೂಗಿ ಕೇಳುತ್ತಿದ್ದರು. ಟೀವಿಯನ್ನು ಬೀದಿಗೆಲ್ಲ ಕೇಳುವ ಹಾಗೆ ಇಡುತ್ತಿದ್ದರು. ಕೂಗುವುದೇ ನಮ್ಮ ಮನೆಯ ಮಾತಾಗಿತ್ತು. ಅಂಥ ಮನೆಯಲ್ಲಿ ಒಬ್ಬರ ಕಿವಿ ಮೆಲ್ಲಗೆ ಹೋದರೆ ಯಾರಿಗೆ ತಿಳಿಯಬೇಕು?

ನಾನು ಅಮ್ಮನನ್ನು ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂದು ಈಗ ಯೋಚಿಸಿದರೆ, ಅದು ಅವಳ ಜಾಣತನ ನೋಡಿ ಹುಟ್ಟಿದ ಬೆರಗು ಅನ್ನಿಸುತ್ತದೆ. ಇಷ್ಟು ಚೆನ್ನಾಗಿ ನಡೆಯುತ್ತಿದ್ದದ್ದನ್ನು ಕೇಳಿ ಕೆಡಿಸುವುದು ಬೇಡ ಎನ್ನಿಸಿರಬೇಕು. ಆದರೆ ಅದು ಚೆನ್ನಾಗಿ ನಡೆಯುವುದು ಆಗಲೇ ಮುಗಿಯುತ್ತಾ ಬಂದಿತ್ತು. ಸ್ವೀಟಿಗೂ ವಯಸ್ಸಾಗಿತ್ತು.

ಶ್ರಾವಣದ ಒಂದು ದಿನ ನೀರು ಬಂದು, ಬಂದಷ್ಟೇ ಸದ್ದಿಲ್ಲದೆ ಹೋಯಿತು. ಅಮ್ಮ ಸ್ವೀಟಿಯ ಎದುರೇ ಕೂತಿದ್ದಿರಬೇಕು. ಸ್ವೀಟಿಯ ಕಿವಿ ಅಲ್ಲಾಡಿರಲಿಕ್ಕಿಲ್ಲ. ನಾನು ಟೈಪಿಂಗ್ ಕ್ಲಾಸಿಗೆ ಹೋಗಿದ್ದೆ. ಸಂಜೆ ಬರುವಾಗ ಕ್ರಾಸಿನವರೆಲ್ಲ ನಮ್ಮ ಗೇಟಿನ ಮುಂದೆ ನಿಂತಿದ್ದರು.

"ಏನ್ ಶಾಂತಮ್ಮ, ಇವತ್ತು ಕೂಗ್ಲೇ ಇಲ್ಲವಲ್ಲ ನೀವು? ಎಲ್ಲಾ ಮೋರಿಗೆ ಹೋಯ್ತು" ಎಂದರು ಎದುರು ಮನೆಯವರು.

"ನಾನೇನು ನೀರು ಬಿಡೋ ಆಫೀಸಾ?" ಎಂದು ಅಮ್ಮ ಸಿಡುಕಿದಳು. "ನಿಮ್ಮನೇಲಿ ಕಿವಿ ಇರೋರು ಒಬ್ರೂ ಇಲ್ವಾ?"

ಅವತ್ತು ಇಡೀ ಕ್ರಾಸಿಗೆ ಟ್ಯಾಂಕರ್ ತರಿಸಿದರು. ಟೈಲರ್ ಎರಡು ದಿನ ಅಮ್ಮನ ಮುಖ ನೋಡಲಿಲ್ಲ. ಅಮ್ಮ ಸ್ವೀಟಿಯನ್ನು ಬೈಯಲಿಲ್ಲ. ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿವಿಯೊಳಗೆ ಕೊಬ್ಬರಿ ಎಣ್ಣೆಯ ಹತ್ತಿ ಇಟ್ಟು ಒರೆಸಿದಳು. ಆಮೇಲೆ ಅದೇ ಹತ್ತಿಯ ಇನ್ನೊಂದು ತುದಿಯಿಂದ ತನ್ನ ಕಿವಿಯನ್ನೂ ಒರೆಸಿಕೊಂಡಳು. ನಾನು ಪುಸ್ತಕದ ಹಿಂದಿನಿಂದ ನೋಡಿದೆ. ನಗು ಬಂತು, ಜೊತೆಗೇ ಇನ್ನೇನೋ.

ಅದಾದ ಮೇಲೆ ಗಿರಿಜಾಂಟಿ ಬರುವುದು ನಿಂತಿತು. ಮೊದಲು ಅಮ್ಮ, "ಹಬ್ಬದ ಕೆಲಸ ಇರತ್ತೆ" ಎಂದಳು. ಆಮೇಲೆ "ಮಳೆ" ಎಂದಳು. ಗೌರಿ ಹಬ್ಬಕ್ಕೆ ಪ್ರತಿ ವರ್ಷ ಅವರು ನಮ್ಮ ಮನೆಗೇ ಊಟಕ್ಕೆ ಬಂದು, ಸಂಜೆ ಬಾಗಿನ ತೆಗೆದುಕೊಂಡು ಹೋಗುತ್ತಿದ್ದರು. ಅಮ್ಮ ಕರೆಯಲು ಹೋದಾಗ ಅವರ ಯಜಮಾನರು ಬಾಗಿಲಲ್ಲೇ ನಿಂತು, ಅವಳು ಮಲಗಿದ್ದಾಳೆ, ಹೇಳುತ್ತೇನೆ ಎಂದರಂತೆ. ಹಬ್ಬದ ದಿನ ಅಮ್ಮ ಎರಡು ಮೊರದ ತುಂಬ ಬಳೆ, ಬಿಚ್ಚೋಲೆ, ಕಾಳು, ಬೆಲ್ಲ, ರವಿಕೆ ಕಣ ಎಲ್ಲ ಇಟ್ಟು ಸಂಜೆಯವರೆಗೂ ಕಾದಳು. ಎಲ್ಲರೂ ಬಂದರು. ಅವರೊಬ್ಬರು ಬರಲಿಲ್ಲ.

ಮರುದಿನ ಬೆಳಿಗ್ಗೆ ಗಣೇಶನಿಗೆ ಗರಿಕೆ ತರಲು ಹೋದವಳಿಗೆ ಮಾರ್ಕೆಟ್ಟಿನ ತಿರುವಿನಲ್ಲಿ ಗಿರಿಜಾಂಟಿ ಸಿಕ್ಕರು. ಬೆಂಗಳೂರಿನ ಮಾತು ಅವರಿಗೆ ಚೆನ್ನಾಗಿ ರೂಢಿಯಾಗಿತ್ತು. ಸಿಟ್ಟು ಬಂದಾಗ ಮಾತ್ರ ರಾಣೆಬೆನ್ನೂರು ಹೊರಗೆ ಬರುತ್ತಿತ್ತು.

"ಯಾಕೆ ಆಂಟಿ ನಿನ್ನೆ ಬರ್ಲಿಲ್ಲ?" ಎಂದೆ.

"ಯಾಕ್ ಬರ್ಲಿ? ನಿಮ್ಮವ್ವಗ ನಾ ಏನ್ ಮಾಡೇನಿ ಹೇಳು. ಶ್ರಾವಣದಾಗ ಒಂದಿನ ನೀ ಇಲ್ಲದಾಗ ನಿಮ್ಮನಿಗೆ ಬಂದು ಬೆಲ್ ಒತ್ತಿದೆ. ಮತ್ತ ಒತ್ತಿದೆ. ಕಿಡಕ್ಯಾಗ ಕಾಣ್ತಿದ್ಲು, ಅಕ್ಕಿ ಆರಿಸ್ಕೋತ ಕುಂತಿದ್ಲು. ತಿರುಗಿ ಸುದ್ದಾ ನೋಡ್ಲಿಲ್ಲ. ಆ ನಾಯಿನೂ ತಲಿ ಎತ್ತಲಿಲ್ಲ. ನಮ್ಮನಿ ನಾಯಿ ಮಗಳದು! ಅದಕ್ಕೂ ಹೇಳಿಕೊಟ್ಟಾಳೇನು?"

ಅವತ್ತು ಅವರು ಒಂದು ಸುದ್ದಿ ಹೇಳಲು ಬಂದಿದ್ದರು. ಕೆಂಗೇರಿ ಉಪನಗರದಲ್ಲಿ ಅವರ ಮನೆ ಕಟ್ಟಿ ಮುಗಿದಿತ್ತು. ದೀಪಾವಳಿಗೆ ಅಲ್ಲಿಗೆ ಹೋಗುವವರಿದ್ದರು. ಎಲ್ಲರಿಗಿಂತ ಮೊದಲು ಅಮ್ಮನಿಗೆ ಹೇಳಬೇಕೆಂದು ಮಳೆಯಲ್ಲಿ ನೆನೆದುಕೊಂಡು ಬಂದಿದ್ದರಂತೆ. "ಇರ್ಲಿ ಬಿಡು. ಹೋಗು ಹೊತ್ತಿಗೆ ಇಷ್ಟು ಸುಲಭ ಮಾಡಿದ್ಲು" ಎಂದು ಕೊಡೆ ಬಿಚ್ಚಿ ಹೊರಟರು.

"ಆಂಟಿ, ಅಮ್ಮನಿಗೆ..." ಎಂದು ಶುರು ಮಾಡಿದೆ. ಅಮ್ಮ ಇಷ್ಟು ಕಷ್ಟಪಟ್ಟು ಮುಚ್ಚಿಟ್ಟದ್ದನ್ನು ಗರಿಕೆ ಗಾಡಿಯ ಪಕ್ಕ ನಿಂತು ಹೇಳಲು ನಾನ್ಯಾರು? ಆದರೆ ಹೇಳದಿದ್ದರೆ ಇವರು ಕೆಂಗೇರಿಗೆ ಹೋಗಿಬಿಡುತ್ತಾರೆ. ಅಲ್ಲಿಂದ ಮಾತಾಡಲು ಉಳಿಯುವುದು ಫೋನ್ ಒಂದೇ. ಅಮ್ಮನಿಗೆ ಫೋನ್ ಕೇಳಿಸುವುದಿಲ್ಲ.

ಅವತ್ತು ಸಂಜೆ ನಮ್ಮ ಕ್ರಾಸಿನ ಮೂಲೆಯಲ್ಲಿ ಹುಡುಗರು ಕೂರಿಸಿದ್ದ ಗಣೇಶನನ್ನು ನೋಡಲು ಅಮ್ಮನ ಜೊತೆ ಹೋದೆ. ಆಳೆತ್ತರದ ಸ್ಪೀಕರ್‌ಗಳು. ಎದೆಯೊಳಗೆ ಡೋಲು ಬಾರಿಸಿದ ಹಾಗಿತ್ತು. ಯಾರಿಗೂ ಯಾರ ಮಾತೂ ಕೇಳುತ್ತಿರಲಿಲ್ಲ. ಎಲ್ಲರೂ ಕೈಸನ್ನೆ, ತುಟಿಸನ್ನೆಯಲ್ಲೇ ಮಾತಾಡುತ್ತಿದ್ದರು. ಅಲ್ಲಿ ನೋಡಬೇಕಿತ್ತು ಅಮ್ಮನನ್ನು! ಅರ್ಚಕರು ಅಷ್ಟು ದೂರದಿಂದ ಏನೋ ಅಂದದ್ದು ಉಳಿದವರಿಗೆ ತಿಳಿಯುವ ಮೊದಲೇ ಅವಳು ತೆಂಗಿನಕಾಯಿ ಎತ್ತಿ ಕೊಟ್ಟಳು. ಪಕ್ಕದ ಮನೆಯವರ ತುಟಿ ನೋಡಿ ನಕ್ಕಳು, ಎದುರು ಮನೆಯವರಿಗೆ ಉತ್ತರ ಕೊಟ್ಟಳು. ಎಷ್ಟೋ ದಿನಗಳ ನಂತರ ಅವಳು ಹಗುರವಾಗಿದ್ದ ಹಾಗೆ ಕಂಡಿತು. ಆ ಗದ್ದಲದಲ್ಲಿ ಎಲ್ಲರೂ ಅವಳಂತೆಯೇ ಆಗಿದ್ದರು.

ಆ ಧೈರ್ಯದಲ್ಲೋ ಏನೋ, ನನ್ನ ಕಡೆ ತಿರುಗಿ ಕೂಗಿ ಕೇಳತೊಡಗಿದಳು. "ಗಿರಿಜಾ ಯಾಕೆ ಬರ್ತಾ ಇಲ್ಲ ಅಂತ ಗೊತ್ತಾ ನಿಂಗೆ? ನಾನೇನು ಮಾಡ್ದೆ ಅವಳಿಗೆ? ನಿದ್ದೆ ಬರ್ತಿಲ್ಲ ಕಣೇ ನಂಗೆ."

ಸಂಜೆಯ ಬೆಳಕಿನ್ನೂ ಆರಿರಲಿಲ್ಲ, ಅದೇ ಕ್ಷಣಕ್ಕೆ ಕರೆಂಟು ಹೋಯಿತು. ಸ್ಪೀಕರ್‌ಗಳು ಸತ್ತವು. ಬೀದಿ ಒಮ್ಮೆಗೇ ಗಪ್‌ಚಿಪ್. ಅಮ್ಮ ನಿಲ್ಲಿಸಲಿಲ್ಲ. ಸ್ಪೀಕರನ್ನು ಮೀರಿಸುವ ಗಂಟಲಿನಲ್ಲಿ, "ಅವಳು ಬಿಟ್ರೆ ಇನ್ಯಾರಿದಾರೆ ನಂಗೆ ಈ ಊರಲ್ಲಿ? ನಿಮ್ಮಪ್ಪನ ಹತ್ರ ಮಾತಾಡಕ್ಕಾಗತ್ತಾ?" ಎಂದು ಕೂಗಿದಳು.

ಇಡೀ ಕ್ರಾಸ್ ತಿರುಗಿ ನೋಡಿತು. ಅಪ್ಪ ಪ್ರಸಾದದ ದೊನ್ನೆ ಹಿಡಿದು ಅಲ್ಲೇ ನಿಂತಿದ್ದರು. ಅಮ್ಮ ಒಂದೊಂದೇ ಮುಖ ನೋಡುತ್ತಾ ಹೋದಳು. ಎಲ್ಲರ ತುಟಿಯೂ ಮುಚ್ಚಿತ್ತು. ಕೊನೆಗೆ ನನ್ನ ಮುಖ ನೋಡಿದಳು. ಅವಳಿಗೆ ತಿಳಿಯಿತು. ನನಗೆ ಮೊದಲೇ ಗೊತ್ತಿತ್ತು ಎನ್ನುವುದೂ ಆಗಲೇ ತಿಳಿದಿರಬೇಕು. ಸೆರಗು ಹೊದ್ದು ಮನೆಯ ಕಡೆ ನಡೆದುಬಿಟ್ಟಳು.

ಮನೆಯಲ್ಲಿ ಮೇಣದಬತ್ತಿ ಹಚ್ಚಿ ನಾನು ಅವಳ ಎದುರು ಕೂತೆ. ಬೆಲ್ಲಿನ ವಿಷಯ, ಕೆಂಗೇರಿಯ ವಿಷಯ ಎಲ್ಲ ನಿಧಾನವಾಗಿ ಹೇಳಿದೆ. ಮುಗಿಸಿ, "ಹೋಗಿ ಹೇಳಿಬಿಡಮ್ಮ, ಕಿವಿ ಕೇಳ್ಸಲ್ಲ ಅಂತ. ಅಷ್ಟೇ ತಾನೆ" ಎಂದೆ.

"ಬೇರೆ ಯಾರಿಗಾದ್ರೂ ಹೇಳ್ತೀನಿ. ಅವಳಿಗೆ ಆಗಲ್ಲ" ಎಂದಳು.

"ಯಾಕೆ?"

ಸ್ವೀಟಿ ಅವಳ ಪಾದದ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿತ್ತು.

"ನಿಮ್ಮಜ್ಜಿಗೆ ಕಿವಿ ಕೇಳಿಸ್ತಿರ್ಲಿಲ್ಲ. ನಿಂಗೆ ನೆನಪಿರಲ್ಲ, ನೀನು ಚಿಕ್ಕವಳು. ಈ ಹಾಲ್‌ನಲ್ಲೇ ಕೂತಿರ್ತಿದ್ರು. ನಾನು, ಗಿರಿಜಾ ಅವರ ಬೆನ್ನ ಹಿಂದೆ ಕೂತ್ಕೊಂಡು ಅವರ ವಿಷಯಾನೇ ಆಡ್ತಿದ್ವಿ. ಅವರ ತಿಂಡಿ, ಅವರ ಗೊಣಗು, ಎಲ್ಲಾ. ಅವರಿಗೆ ಕೇಳದ ಹಾಗೆ, ಆದ್ರೆ ಅವರ ಮುಂದೇನೇ. ನಗ್ತಿದ್ವಿ. ಅವರು ತಿರುಗಿ ನೋಡಿದ್ರೆ ಏನಿಲ್ಲ ಅತ್ತೆ ಅಂತಿದ್ವಿ. ಅವರೂ ನಗ್ತಿದ್ರು ನಮ್ಮ ಜೊತೆ." ಬತ್ತಿಯ ಮೇಣ ಕೆರೆಯುತ್ತಾ ಹೇಳಿದಳು. "ಈಗ ನಾನು ಕೆಪ್ಪಿ ಅಂತ ಗಿರಿಜಾಗೆ ಗೊತ್ತಾದ್ರೆ, ಅವಳು ತಿರುಗಿ ನಿಂತಾಗೆಲ್ಲ ನಂಗೆ ಅನುಮಾನ ಬರತ್ತೆ. ಸೊಕ್ಕಿನವಳು ಅಂತ ಅಂದ್ಕೊಂಡ್ರೆ ಅಂದ್ಕೊಳ್ಳಲಿ ಬಿಡು."

ಅಜ್ಜಿಯ ಬಗ್ಗೆ ನನಗೆ ಇರುವ ನೆನಪು ಆ ನಗುವೊಂದೇ. ಬೊಚ್ಚು ಬಾಯಿಯ, ಎಲ್ಲರ ಜೊತೆ ಸೇರಿ ನಗುವ ನಗು. ಅಜ್ಜಿ ಎಂದರೆ ಸಂತೋಷದ ಮನುಷ್ಯಳು ಎಂದೇ ನಾನು ಅಲ್ಲಿಯವರೆಗೆ ತಿಳಿದಿದ್ದೆ. ಒಂದು ನೆನಪು ಹೀಗೆ ಕಣ್ಣೆದುರೇ ಬೇರೆಯಾಗಿಬಿಟ್ಟರೆ, ಮಿಕ್ಕ ನೆನಪುಗಳನ್ನು ಹೇಗೆ ನಂಬುವುದು?

ರಾತ್ರಿ ಅಮ್ಮ ಏನು ಯೋಚಿಸಿದಳೋ ಗೊತ್ತಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಸ್ನಾನ ಮಾಡಿ, ರೇಷ್ಮೆ ಸೀರೆ ಉಟ್ಟು, ಮೊರದ ಬಾಗಿನಕ್ಕೆ ಹೊಸ ಹೂವು ಇಡುತ್ತಿದ್ದಳು. "ಗೌರಿ ಹಬ್ಬ ಆಗಿ ಎರಡು ದಿನ ಆಯ್ತು! ಈಗ ಯಾರಾದ್ರೂ ಬಾಗಿನ ಕೊಡ್ತಾರೇನೇ?" ಎಂದು ಅಪ್ಪ ಬಚ್ಚಲಿನಿಂದ ಕೂಗಿದರು. ಅಮ್ಮ ತಿರುಗಲಿಲ್ಲ. ನಿಜವಾಗಿ ಕೇಳಲಿಲ್ಲವೋ, ಬೇಡವಾಗಿತ್ತೋ ಎಂದು ಮೊದಲ ಸಲ ಅನುಮಾನ ಬಂತು.

ಅಗೆದ ರಸ್ತೆಯ ಮಣ್ಣು ದಾಟಿಕೊಂಡು ನಾನು ಕೊಡೆ ಹಿಡಿದು ನಡೆದೆ. ಅಮ್ಮ ಮೊರ ಹಿಡಿದಿದ್ದಳು. ಸ್ವೀಟಿ ಗೇಟಿನವರೆಗೆ ಬಂದು ಹಿಂದೆ ಉಳಿಯಿತು. ಅಷ್ಟು ದೂರ ನಡೆಯಲು ಅದಕ್ಕೆ ಆಗುತ್ತಿರಲಿಲ್ಲ. ಮುಂದಿನ ಬೇಸಿಗೆಯವರೆಗೆ ಇತ್ತು ಅದು. ಅಷ್ಟರಲ್ಲಿ ಅಮ್ಮನ ಕಿವಿಗೆ ಮಷಿನ್ ಬಂದಿತ್ತು. ಅಮ್ಮ ಆ ಮಷಿನ್ನನ್ನು ಎಂದೂ ಸ್ವೀಟಿಯಷ್ಟು ನಂಬಲಿಲ್ಲ.

ಬೆಲ್ ಒತ್ತಿದ್ದು ನಾನು. ಬಾಗಿಲು ತೆಗೆದ ಗಿರಿಜಾಂಟಿ ಮೊರ ನೋಡಿದರು, ಅಮ್ಮನನ್ನು ನೋಡಿದರು. ಬಾ ಎನ್ನಲಿಲ್ಲ. ಅಮ್ಮ ಹೊಸ್ತಿಲ ಹೊರಗೇ ನಿಂತು ಅಂದಳು. "ನಂಗೆ ಕಿವಿ ಕೇಳ್ಸಲ್ಲ ಕಣೇ ಗಿರಿಜಾ. ಬೆಲ್ಲೂ ಕೇಳ್ಸಲ್ಲ. ಫೋನೂ ಕೇಳ್ಸಲ್ಲ. ಎರಡು ವರ್ಷ ಆಯ್ತು."

ಗಿರಿಜಾಂಟಿ ಬಾಗಿನ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ದೇವರ ಮನೆಯಲ್ಲಿಟ್ಟರು. ನಮ್ಮನ್ನು ಹಾಲ್‌ನಲ್ಲಿ ಕೂರಿಸಿ ಅಡುಗೆಮನೆಗೆ ಹೋದರು. ಅಲ್ಲಿಂದ ಅವರ ಬೆನ್ನು ಕಾಣುತ್ತಿತ್ತು. ಒಲೆ ಹಚ್ಚಿ ಹಾಲಿಟ್ಟರು. ಹಾಗೇ ಬೆನ್ನು ತಿರುಗಿಸಿಕೊಂಡೇ, ಮಾಮೂಲಿ ದನಿಯಲ್ಲಿ ಮಾತಾಡಿದರು.

"ಶಾಂತಾ, ನಿಮ್ಮನಿ ಹುಳಿ ಒಂದಿನಾರ ನನಗ ಸೇರಿಲ್ಲ. ಬೆಲ್ಲ ಸುರುವಿ ಪಾಯಸ ಮಾಡಿ ಇಟ್ಟಿರ್ತಿ. ಇಷ್ಟ್ ವರ್ಷ ಹೆಂಗ ನುಂಗೀನಿ ಅನ್ನೋದು ನನಗ ಗೊತ್ತು."

ಅಮ್ಮ ಹೆದರಿದ್ದು ಇದಕ್ಕೇ. ಅವಳು ಗೋಡೆಯ ಮೇಲಿನ ಫೋಟೋ ನೋಡುತ್ತಿದ್ದವಳು ನನ್ನ ಮುಖ ನೋಡಿದಳು. ಆ ಮುಖದಲ್ಲಿ ಕಂಡದ್ದು ಅವಳಿಗೆ ಸಾಕಾಯಿತು.

"ಏನೋ ಅಂದ್ಲು, ಅಲ್ವಾ?" ಎಂದಳು. ಮೆಲ್ಲಗೆ ಕೇಳಿದೆ ಎಂದುಕೊಂಡಿದ್ದಳು. ಮನೆಯೆಲ್ಲ ಕೇಳಿಸಿತು.

ಗಿರಿಜಾಂಟಿ ಒಲೆ ಆರಿಸಿದರು. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಕಿಟಕಿಯ ಹತ್ತಿರ ಸ್ಟೂಲ್ ಎಳೆದುಕೊಂಡು, ಬೆಳಕು ತಮ್ಮ ಮುಖದ ಮೇಲೆ ಬೀಳುವ ಹಾಗೆ ಕೂತರು. ಅಮ್ಮನ ಗಲ್ಲ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡರು. ಆಮೇಲೆ ಅದನ್ನೇ ಮತ್ತೆ ಹೇಳಿದರು. ಹುಳಿ, ಬೆಲ್ಲ, ಪಾಯಸ, ನುಂಗಿದ್ದು, ಯಾವುದನ್ನೂ ಬಿಡಲಿಲ್ಲ. ಬಿಡಿಸಿ ಬಿಡಿಸಿ, ಪ್ರತಿ ಮಾತಿಗೂ ಬಾಯಿ ಅಗಲಿಸಿ ಹೇಳಿದರು.

ಅಮ್ಮ ಅವರ ತುಟಿಯಿಂದ ಕಣ್ಣು ತೆಗೆಯಲಿಲ್ಲ. ಮುಗಿದ ಮೇಲೆ ಉಸಿರು ಬಿಟ್ಟಳು.

"ಗೊತ್ತಿತ್ತು ಬಿಡೇ. ನಾನು ಒಳಗೆ ಹೋದ ಕೂಡಲೇ ನೀನು ಹುಳೀನ ಸ್ವೀಟಿ ತಟ್ಟೆಗೆ ಸುರೀತಿದ್ದೆ. ಕಿವಿ ಹೋಗಿದೆ ನಂಗೆ, ಕಣ್ಣೇನು ಹೋಗಿಲ್ಲ."

ಗಿರಿಜಾಂಟಿಗೆ ನಗು ತಡೆಯಲಾಗಲಿಲ್ಲ. ಹಲ್ಲು ಉಬ್ಬೆಂದು ಅವರಿಗೆ ಮೊದಲಿನಿಂದಲೂ ನಾಚಿಕೆ. ಬಾಯಿಗೆ ಕೈ ಅಡ್ಡ ಹಿಡಿದು, ಬಗ್ಗಿ ಬಗ್ಗಿ ನಗುತ್ತಾ, ಕೈಯ ಹಿಂದಿನಿಂದಲೇ ಇನ್ನೂ ಏನೋ ಹೇಳತೊಡಗಿದರು.

ಅಮ್ಮ ಮುಂದೆ ಬಾಗಿ ಆ ಕೈಯನ್ನು ಹಿಡಿದು ಕೆಳಗಿಳಿಸಿದಳು.

"ಈಗ ಹೇಳು" ಎಂದಳು.